ಬೂದಿಯ ಗೆರೆಯ ಮುಂದೆ ಹಿಂದಿಟ್ಟ ಹೆಜ್ಜೆ

ಪ್ಲೇನೋ

ಅಮೆರಿಕದಲ್ಲಿ ಮೂರು ತಿಂಗಳು ಇದ್ದು ಬಂದೆ ಅಂದರೆ ಸರಸ್ವತಿಪುರಂನ ನನ್ನ ವಾಕಿಂಗ್ ಗೆಳತಿಯರು ಮೊದಲು ಕೇಳುವುದು ನಯಾಗರ. ನೋಡಲಿಲ್ಲ. "ಹಾಗಾದ್ರೆ ಇನ್ನೇನು ನೋಡಿದ್ರಿ ಮೇಡಂ?" ಎಂದು ಕೇಳಿದಾಗ ರಸ್ತೆ, ಹೂವು, ಮಾಲು ಎಂದು ಏನೇನೋ ಹೇಳಿ ಜಾರಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ನಾನು ಅಲ್ಲಿ ನೋಡಿದ್ದು ನನ್ನನ್ನೇ, ಅದೂ ಮೂವತ್ತು ಜನರ ಎದುರಿಗೆ. ಆ ನಾಚಿಕೆ ಇನ್ನೂ ಇಳಿದಿಲ್ಲ. ಬರೆದರೆ ಇಳಿಯುತ್ತದೆಂಬ ಭ್ರಮೆಯೂ ನನಗಿಲ್ಲ. ಮುಚ್ಚಿಟ್ಟುಕೊಂಡು ಸಾಕಾಗಿದೆ, ಅಷ್ಟೆ.

ನನ್ನ ತಂಗಿಯ ಮಗಳು ಶ್ರುತಿ ಇರುವುದು ಡಾಲಸ್ ಪಕ್ಕದ ಪ್ಲೇನೋದಲ್ಲಿ. ಅವಳ ಆಫೀಸು ಫಾರ್ಮರ್ಸ್ ಬ್ರಾಂಚ್‌ನಲ್ಲಿ. ಅಲ್ಲಿ ಅವಳ ಪಕ್ಕದ ಸೀಟಿನವಳು ಡೆನೀಸ್. ಐವತ್ತರ ಆಸುಪಾಸಿನ ಕರಿಯ ಹೆಂಗಸು, ಹುಟ್ಟಿದ್ದು ಹ್ಯೂಸ್ಟನ್‌ನಲ್ಲಿ. ನಾನು ಹೋದ ಎರಡನೇ ಭಾನುವಾರ ಊಟಕ್ಕೆ ಬಂದಿದ್ದಳು. ಯಾರೂ ಹೇಳದೆ ಬಿಸಿಬೇಳೆಭಾತಿಗೆ ಕೈ ಹಾಕಿ ಕಲಸಿ ತಿಂದಳು. ನನ್ನನ್ನು "ಮಿಸ್ ಸುಮಿತ್ರಾ" ಎಂದು ಕರೆದಳು. ಆ ಕಡೆ ಹಿರಿಯರನ್ನು ಮರ್ಯಾದೆಯಿಂದ ಕರೆಯುವುದು ಹಾಗಂತೆ. ಅಂಗಡಿ, ಆಸ್ಪತ್ರೆ, ಬ್ಯಾಂಕು ಎಲ್ಲ ಕಡೆ ಇಪ್ಪತ್ತು ವರ್ಷದ ಹುಡುಗರು ಕೂಡ ನನ್ನನ್ನು ಬರೀ ಹೆಸರು ಹಿಡಿದು ಕರೆದು ನನ್ನ ಹೊಟ್ಟೆ ಉರಿಸಿದ್ದರು. ಅದಕ್ಕೇ ಅವಳು ಅಲ್ಲೇ ಇಷ್ಟವಾದಳು.

ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಸಮಾಜಶಾಸ್ತ್ರ ಹೇಳಿದವಳು ನಾನು. ಜಾತಿ, ಸಾವು, ಸೂತಕ, ಇವು ನನ್ನ ಪಾಠಗಳು. ಅದನ್ನು ಹೇಳಿದ ಕೂಡಲೇ ಡೆನೀಸ್ ತಿನ್ನುವುದು ನಿಲ್ಲಿಸಿದಳು. "ಹಾಗಾದರೆ ನಿಮ್ಮ ಹತ್ತಿರ ಹೇಳಬಹುದು," ಎಂದಳು.

ಪಶ್ಚಿಮ ಆಫ್ರಿಕಾದಲ್ಲಿ ದಗಾರಾ ಎಂಬ ಜನರಿದ್ದಾರೆ. ಅವರ ಕೆಲವು ಗುರುಗಳು ಅಮೆರಿಕಕ್ಕೆ ಬಂದು ತಮ್ಮ ಪೂರ್ವಿಕರ ದಾರಿಯನ್ನು ಇಲ್ಲಿನವರಿಗೂ ಕಲಿಸಿದ್ದರು. ಡೆನೀಸ್ ಏಳು ವರ್ಷದಿಂದ ಅದನ್ನು ಕಲಿಯುತ್ತಿದ್ದಳು. ಆ ಏಪ್ರಿಲ್‌ನಲ್ಲಿ ಅವಳಿಗೆ ದೀಕ್ಷೆ ಕೊಟ್ಟು ಹಿರಿಯಳನ್ನಾಗಿ ಮಾಡುವವರಿದ್ದರು. ಐವತ್ತಕ್ಕೇ ಹಿರಿಯಳೇ ಎಂದು ನಾನು ನಕ್ಕೆ. ನಮ್ಮಲ್ಲಿ ತಲೆ ನೆರೆತು, ಮದುವೆ ಮನೆಯಲ್ಲಿ ಮುಂದಿನ ಸಾಲಿನ ಕುರ್ಚಿ ಸಿಕ್ಕಿದರೆ ಹಿರಿಯರಾದ ಹಾಗೆ.

"ವಯಸ್ಸಿಂದ ಬರೋದಲ್ಲ ಮಿಸ್ ಸುಮಿತ್ರಾ. ಬೇರೆಯವರ ದುಃಖದ ಹಿಂದೆ ನಿಂತುಕೊಳ್ತೀನಿ ಅಂತ ಒಪ್ಪಿಕೊಂಡರೆ ಬರೋದು," ಎಂದಳು.

ಆಮೇಲಿನ ಭಾನುವಾರಗಳಲ್ಲೂ ಬಂದಳು. ನಾನು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರೆ ತಾನೂ ಒಂದು ಕಟ್ಟು ಎಳೆದುಕೊಂಡು ಕೂರುತ್ತಿದ್ದಳು. ಹಿಂದಿನ ವರ್ಷ ತೀರಿಕೊಂಡ ತಾಯಿಯ ಸುದ್ದಿ ಹೇಳುತ್ತಿದ್ದಳು. ಐದನೆಯದೋ ಆರನೆಯದೋ ಭಾನುವಾರ ಕೇಳಿಯೇಬಿಟ್ಟಳು.

"ದೀಕ್ಷೆಯ ಕೊನೆಯ ದಿನ ನಾನು ಸತ್ತವರ ಜಾಗಕ್ಕೆ ಹೋಗಿ ಅತ್ತು ವಾಪಸ್ ಬರಬೇಕು. ಬಂದಾಗ ಊರಿನವರು ಅಪ್ಪಿಕೊಂಡು ಒಳಗೆ ಕರ್ಕೋಬೇಕು. ಅದಾದರೇನೇ ಮುಗಿದ ಹಾಗೆ. ಅಲ್ಲಿ ಅಮ್ಮ ನಿಲ್ಲಬೇಕಿತ್ತು. ಚಿಕ್ಕಮ್ಮ ಚರ್ಚಿನವರು, ಬರೋದಿಲ್ಲ ಅಂದಿದಾರೆ. ನೀವು ನಿಲ್ತೀರಾ?"

ಹಿಂದೆ ಮುಂದೆ ನೋಡದೆ ಆಗಲಿ ಎಂದೆ. ನನಗೆ ಜಂಬವೂ ಬಂದಿತ್ತು, ಸುಳ್ಳೇಕೆ ಹೇಳಲಿ. ಅವಳು ಹೋದ ಮೇಲೆ ಶ್ರುತಿ ಮೆಲ್ಲಗೆ, "ದೊಡ್ಡಮ್ಮ, ಅಲ್ಲಿ ಎಲ್ಲರೂ ತುಂಬ ಹಗ್ ಮಾಡ್ತಾರೆ. ನಿಮಗೆ ಅಭ್ಯಾಸ ಇಲ್ಲ, ಯೋಚನೆ ಮಾಡಿ," ಎಂದಳು.

"ನಾನೇನು ನಿಮ್ಮಜ್ಜಿ ಕಾಲದವಳಾ?" ಎಂದು ಅವಳ ಬಾಯಿ ಮುಚ್ಚಿಸಿದೆ.

ಹ್ಯೂಸ್ಟನ್

ಡೆನೀಸ್‌ಗೆ ತಾಯಿಯ ತಲೆವಸ್ತ್ರ ಬೇಕಿತ್ತು. ಅದು ಹ್ಯೂಸ್ಟನ್‌ನಲ್ಲಿ ಚಿಕ್ಕಮ್ಮನ ಮನೆಯಲ್ಲಿತ್ತು. ಹಾಗಾಗಿ ಮೊದಲು ಅಲ್ಲಿಗೆ ಹೋದೆವು. ಚಿಕ್ಕಮ್ಮನ ಹೆಸರು ಲೊರೇನ್. ಎಂಬತ್ತು ದಾಟಿದ್ದರೂ ತುಟಿಗೆ ಬಣ್ಣ ಹಚ್ಚಿ, ಇಸ್ತ್ರಿ ಮಾಡಿದ ಉಡುಪು ಹಾಕಿ ಬಾಗಿಲಲ್ಲೇ ನಿಂತಿದ್ದರು. ಕುಡಿಯಲು ಐಸ್ ಹಾಕಿದ ಟೀ ಕೊಟ್ಟರು. ಪಾಯಸಕ್ಕಿಂತ ಸಿಹಿ. ಹಲ್ಲು ಜುಮ್ಮೆಂದರೂ ಹಾಗೂ ಹೀಗೂ ಮುಗಿಸಿದೆ. ಮುಗಿಸಿದ್ದೇ ತಪ್ಪು, ಇನ್ನೊಂದು ಲೋಟ ತುಂಬಿಸಿದರು. ಉಪಚಾರದಲ್ಲಿ ನಮ್ಮ ದಾವಣಗೆರೆ ಅತ್ತೆಗೆ ಸರಿಯಾದ ಜೋಡಿ.

"ಅಳೋಕೆ ಚರ್ಚಿನಲ್ಲಿ ಜಾಗ ಇರಲಿಲ್ಲವೇನೇ? ಕಾಡಿಗೆ ಹೋಗಬೇಕಾ?" ಎಂದು ಡೆನೀಸ್‌ಗೆ ಬೈದರು. ಬೈಯುತ್ತಲೇ ಒಳಗೆ ಹೋಗಿ, ಕಾಗದದಲ್ಲಿ ಮಡಿಸಿಟ್ಟಿದ್ದ ಹಳದಿ ತಲೆವಸ್ತ್ರ ತಂದು ಅವಳ ತೊಡೆಯ ಮೇಲಿಟ್ಟರು.

ಮಾತು ಹಳೆಯ ಕಾಲಕ್ಕೆ ಹೋಯಿತು. ಲೊರೇನ್ ಅವರ ತಾಯಿ ಒಂದು ಬಿಳಿಯರ ಮನೆಯಲ್ಲಿ ಬಹಳ ವರ್ಷ ಅಡುಗೆ ಮಾಡಿದವರು. ಅವರು ಮಾಡಿದ್ದನ್ನು ಆ ಮನೆಯವರೆಲ್ಲ ಬಾಯಿ ಚಪ್ಪರಿಸಿ ತಿನ್ನುತ್ತಿದ್ದರಂತೆ. ಆದರೆ ಅವರು ಉಣ್ಣುವ ತಟ್ಟೆ ಮಾತ್ರ ಸಿಂಕಿನ ಕೆಳಗೆ ಬೇರೆ ಇತ್ತಂತೆ.

ಅಷ್ಟು ಸಾಕಾಯಿತು ನನಗೆ. ಮೇಷ್ಟ್ರ ನಾಲಿಗೆ ಸುಮ್ಮನಿರುತ್ತದೆಯೇ? ನಮ್ಮಲ್ಲೂ ಹೀಗೇ ಇತ್ತು, ನಮ್ಮ ಅಜ್ಜಿ ಕೆಲಸದ ತಿಮ್ಮಮ್ಮನಿಗೆ ಮೇಲಿಂದ ಕಾಫಿ ಸುರಿಯುತ್ತಿದ್ದರು, ನಾನು ಅದನ್ನೆಲ್ಲ ಬಿಟ್ಟು ಮೂವತ್ತೊಂದು ವರ್ಷ ಅದರ ವಿರುದ್ಧವೇ ಪಾಠ ಹೇಳಿದೆ ಎಂದು ಹತ್ತು ನಿಮಿಷ ಭಾಷಣ ಬಿಗಿದೆ. ಲೊರೇನ್ ತಾಳ್ಮೆಯಿಂದ ಕೇಳಿದರು.

"ಒಳ್ಳೇದು. ಈಗ ನಿಮ್ಮ ಮನೆ ಕೆಲಸದವಳು ಯಾವ ಲೋಟದಲ್ಲಿ ಕುಡಿಯೋದು?"

ನಮ್ಮ ಮನೆಯ ಭಾಗ್ಯಮ್ಮನ ಸ್ಟೀಲ್ ಲೋಟ ಅಡುಗೆಮನೆಯ ಕಿಟಕಿಯಲ್ಲಿ ಬೇರೆಯಾಗಿಯೇ ಇದೆ. ಯಾರೂ ಇಡಿ ಎಂದು ಹೇಳಿದ್ದಲ್ಲ, ಅದು ಹಾಗೆ ಇದೆ. "ನಮ್ಮದರಲ್ಲೇ," ಎಂದೆ. ಲೊರೇನ್ ತಲೆಯಾಡಿಸಿ ನನಗೆ ಮೂರನೇ ಸಲ ಟೀ ಹಾಕಿದರು.

ಹ್ಯೂಸ್ಟನ್‌ನಿಂದ ಆಸ್ಟಿನ್ ಕಡೆಗೆ

ಏಪ್ರಿಲ್‌ನಲ್ಲಿ ಆ ದಾರಿಯ ಎರಡೂ ಬದಿ ನೀಲಿ ಹೂವು. ಜನ ಹೆದ್ದಾರಿಯ ಪಕ್ಕದಲ್ಲಿ ಕಾರು ನಿಲ್ಲಿಸಿ, ಮಕ್ಕಳಿಗೆ ಹೊಸ ಬಟ್ಟೆ ಹಾಕಿ, ಹೂವಿನ ಮಧ್ಯೆ ಕೂರಿಸಿ ಫೋಟೋ ತೆಗೆಯುತ್ತಾರೆ. ಒಬ್ಬರೂ ಒಂದು ಹೂವನ್ನೂ ಕೀಳುವುದಿಲ್ಲ. ನಮ್ಮಲ್ಲಾಗಿದ್ದರೆ ಬೆಳಗಿನ ಐದು ಗಂಟೆಗೇ ದೇವರ ಹೆಸರಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಸೇರಿರುತ್ತಿದ್ದವು.

ನಾವೂ ಇಳಿದೆವು. ಮತ್ತೆ ಹತ್ತುವಾಗ ನನ್ನ ಸೆರಗಿನ ತುದಿ ಬಾಗಿಲಿಗೆ ಸಿಕ್ಕಿಕೊಂಡದ್ದು ಇಬ್ಬರಿಗೂ ತಿಳಿಯಲಿಲ್ಲ. ಪಕ್ಕದಲ್ಲಿ ಹೋಗುತ್ತಿದ್ದ ಲಾರಿಯವನು ಹಾರ್ನ್ ಹೊಡೆದು ತೋರಿಸುವಷ್ಟರಲ್ಲಿ ಅದು ಹತ್ತಾರು ಮೈಲಿ ಟೆಕ್ಸಸ್ಸಿನ ಗಾಳಿ ಕುಡಿದಿತ್ತು. ಮುಂದೆ ಸಿಕ್ಕಿದ ಪೆಟ್ರೋಲ್ ಬಂಕ್ ನಮ್ಮ ಸಬರ್ಬನ್ ಬಸ್ ಸ್ಟ್ಯಾಂಡಿಗಿಂತ ದೊಡ್ಡದು, ಅದರ ಶೌಚಾಲಯ ನಮ್ಮ ಅಡುಗೆಮನೆಗಿಂತ ಚೊಕ್ಕಟ. ಅಲ್ಲಿ ಡೆನೀಸ್ ನನ್ನನ್ನು ಬೇಸಿನ್ನಿನ ಮುಂದೆ ನಿಲ್ಲಿಸಿ, ಮೈಮೇಲಿದ್ದ ಸೀರೆಯ ಸೆರಗನ್ನೇ ಸೋಪು ಹಾಕಿ ತಿಕ್ಕಿ, ಕೈ ಒಣಗಿಸುವ ಮೆಷಿನ್ನಿಗೆ ಹಿಡಿದಳು. ಬಂದು ಹೋಗುವ ಹೆಂಗಸರೆಲ್ಲ ನಕ್ಕರು, ನಾವೂ ನಕ್ಕೆವು. ಅವಳಿಗೆ ನನ್ನ ಮೇಲೆ ಎಷ್ಟು ಸಲಿಗೆ ಬಂದಿದೆ ಎಂದು ನನಗೆ ಖುಷಿಯಾಯಿತು.

ಆಸ್ಟಿನ್‌ನ ಆಚೆ

ಊರು ದಾಟಿ ಒಂದು ಗಂಟೆ ಹೋದ ಮೇಲೆ ಓಕ್ ಮರಗಳ ಒಂದು ತೋಟ. ಅಲ್ಲಿ ಮೂವತ್ತು ಜನ. ಅರ್ಧಕ್ಕಿಂತ ಹೆಚ್ಚು ಕರಿಯರು, ಕೆಲವರು ಬಿಳಿಯರು, ಇಬ್ಬರು ಮೆಕ್ಸಿಕೋ ಮೂಲದ ಅಕ್ಕತಂಗಿಯರು. ತಲುಪಿದ ಕೂಡಲೇ ಹಿರಿಯರು ಡೆನೀಸ್‌ಳನ್ನು ಮರಗಳ ನಡುವೆ ಕರೆದುಕೊಂಡು ಹೋದರು. ಒಳಗೆ ಮೂರು ದಿನ ಏನು ನಡೆಯಿತೋ ನನಗೆ ಗೊತ್ತಿಲ್ಲ. ಹೊರಗಿನವರು ಕೇಳಬಾರದು, ದೀಕ್ಷೆ ಪಡೆದವರು ಹೇಳಬಾರದು. ಅದು ನನಗೂ ಒಪ್ಪಿಗೆಯಾಯಿತು. ಗಾಯತ್ರಿಯನ್ನು ಕಿವಿಯಲ್ಲಿ ಹೇಳುವ ಮನೆಯಲ್ಲಿ ಬೆಳೆದವಳು ನಾನು.

ಆ ಮೂರು ದಿನ ನಾನು ಅಡುಗೆ ಪಾಳಿಯಲ್ಲಿದ್ದೆ. ಎಲ್ಲರಿಗೂ ಚಿತ್ರಾನ್ನ ಮಾಡಿ ಬಡಿಸಿದೆ. ನಾಲ್ಕೇ ಮೆಣಸಿನಕಾಯಿ ಹಾಕಿದ್ದು. ಆದರೂ ಅರ್ಧ ಜನ ಕಣ್ಣೀರು ಸುರಿಸಿದರು. ನಗಾರಿ ಬಾರಿಸುವ ಎತ್ತರದ ಹೆಂಗಸು, "ಅಳುವ ದಿನ ನಾಳೆ ಕಣ್ರೀ, ಇವತ್ತೇ ಶುರು ಮಾಡಿಸಿಬಿಟ್ಟಿರಲ್ಲ," ಎಂದು ಮೂಗೊರೆಸಿಕೊಂಡು ಇನ್ನೊಂದು ಚಮಚ ಹಾಕಿಸಿಕೊಂಡಳು.

ಮರುದಿನ ಮಧ್ಯಾಹ್ನ ಎಲ್ಲರೂ ಬಯಲಿನಲ್ಲಿ ಸೇರಿದೆವು. ಒಂದು ತುದಿಯಲ್ಲಿ ಸತ್ತವರ ಜಾಗ. ನೀಲಿ ಬಟ್ಟೆ ಹೊದಿಸಿ ಎಲ್ಲರ ಮನೆಯ ಸತ್ತವರ ಫೋಟೋ ಇಟ್ಟಿದ್ದರು. ಇನ್ನೊಂದು ತುದಿಯಲ್ಲಿ ಊರು, ಅಂದರೆ ನಗಾರಿ ಬಾರಿಸುತ್ತ ಹಾಡುವ ನಾವು. ಎರಡರ ನಡುವೆ ನೆಲದ ಮೇಲೆ ಬೂದಿಯ ಒಂದು ಗೆರೆ. ದುಃಖ ಉಕ್ಕಿದವರು ಗೆರೆ ದಾಟಿ ಆ ಕಡೆ ಹೋಗಿ ಮಂಡಿಯೂರಿ ಅಳಬೇಕು. ಒಬ್ಬರನ್ನೂ ಒಂಟಿಯಾಗಿ ಬಿಡುವುದಿಲ್ಲ. ಯಾರಾದರೊಬ್ಬರು ಹಿಂದೆ ಹೋಗಿ ಸುಮ್ಮನೆ ನಿಂತಿರುತ್ತಾರೆ. ಸಮಾಧಾನ ಹೇಳುವಂತಿಲ್ಲ, ಕಣ್ಣೊರೆಸುವಂತಿಲ್ಲ. "ಅಳಬೇಡ, ಅಳಬೇಡ" ಎನ್ನುವುದನ್ನೇ ಉಪಕಾರವೆಂದುಕೊಂಡ ನಮ್ಮವರನ್ನು ನೆನೆದೆ. ಅತ್ತು ಮುಗಿಸಿ ಗೆರೆಯ ಹತ್ತಿರ ವಾಪಸ್ ಬಂದವರನ್ನು ಅಲ್ಲಿ ಕಾಯುತ್ತಿರುವವರು ಅಪ್ಪಿ, "ಮನೆಗೆ ಬಾ" ಎಂದು ಒಳಗೆ ಎಳೆದುಕೊಳ್ಳಬೇಕು. ನಾನು ಗೆರೆಯ ಮುಂದೆ ನಿಂತಿದ್ದೆ.

ದೊಡ್ಡ ಗಂಡಸರು ಮಕ್ಕಳ ಹಾಗೆ ಗೋಳೋ ಎಂದು ಅಳುವುದನ್ನು ಮೊದಲ ಸಲ ನೋಡಿದೆ.

ಡೆನೀಸ್‌ಳ ಸರದಿ ಬಂತು. ಬಿಳಿ ಬಟ್ಟೆ, ತಲೆಗೆ ತಾಯಿಯ ಹಳದಿ ವಸ್ತ್ರ. ಸತ್ತವರ ಜಾಗದಲ್ಲಿ ನೆಲಕ್ಕೆ ಬಿದ್ದು ಬಹಳ ಹೊತ್ತು ಅತ್ತಳು. ಹಣೆ, ಕೆನ್ನೆ, ತೋಳು ಎಲ್ಲ ಮಣ್ಣು ಬೂದಿ. ಎದ್ದವಳು ತಿರುಗಿ ನಿಂತಳು, ನನ್ನನ್ನು ನೋಡಿದಳು. ಎರಡೂ ಕೈ ಚಾಚಿಕೊಂಡು ಓಡುತ್ತಲೇ ಬಂದಳು.

ನಾನು ಒಂದು ಹೆಜ್ಜೆ ಹಿಂದಿಟ್ಟೆ. ಅಷ್ಟೇ ಅಲ್ಲ, ಸೆರಗನ್ನು ಎಳೆದು ಮೈಗೆ ಬಿಗಿಯಾಗಿ ಸುತ್ತಿಕೊಂಡೆ.

ಬೇಕೆಂದು ಮಾಡಿದ್ದಲ್ಲ. ಕಾಲು ತಾನಾಗಿ ಹಿಂದೆ ಹೋಯಿತು, ಕೈ ತಾನಾಗಿ ಸೆರಗು ಹಿಡಿಯಿತು. ಡೆನೀಸ್ ಗೆರೆಯ ಆಚೆ ನಿಂತುಬಿಟ್ಟಳು. ಚಾಚಿದ ಕೈ ಹಾಗೇ ಇತ್ತು. ನಗಾರಿ ನಿಲ್ಲಲಿಲ್ಲ. ನಿಂತಿದ್ದರೆ ನನಗೆ ಇನ್ನೂ ಕಷ್ಟವಾಗುತ್ತಿತ್ತು. ಪಕ್ಕದಲ್ಲಿದ್ದ ಮೆಕ್ಸಿಕೋ ಅಕ್ಕ ತಟ್ಟನೆ ಮುಂದೆ ಹೋಗಿ ಅವಳನ್ನು ಅಪ್ಪಿ ಒಳಗೆ ಕರೆದುಕೊಂಡಳು. ಆಕೆಯ ಹೆಗಲ ಮೇಲಿಂದ ಡೆನೀಸ್ ನನ್ನನ್ನು ನೋಡಿದಳು. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮುಖದಲ್ಲಿದ್ದದ್ದು ಬಹಳ ಸಲ ಕಂಡದ್ದನ್ನು ಮತ್ತೊಮ್ಮೆ ಕಂಡವರ ಆಯಾಸ.

ಊಟದ ಚಪ್ಪರ

ಸುಳ್ಳು ಹೇಳುವುದಕ್ಕೆ ನನಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಊಟಕ್ಕೆ ಕೂತಾಗ ನಗಾರಿಯ ಹೆಂಗಸು, "ನೀವು ಹುಷಾರಾಗಿದ್ದೀರಾ?" ಎಂದು ಮೆತ್ತಗೆ ಕೇಳಿದಳು. ನಮ್ಮಲ್ಲಿ ಸೂತಕ ಎಂಬುದೊಂದಿದೆ ಎಂದು ಶುರು ಮಾಡಿದೆ. ಸತ್ತವರ ಜಾಗದಿಂದ ಬಂದವರನ್ನು ಸ್ನಾನವಾಗುವ ತನಕ ಮುಟ್ಟುವುದಿಲ್ಲ, ಅದು ನಮ್ಮ ಸಂಪ್ರದಾಯ ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಇಂಥ ಸುಳ್ಳಿಗೆ ನಿಜವೇ ಬೇಕಾಗುತ್ತದೆ.

ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ. ಇಡೀ ಮೇಜು ಗೌರವದಿಂದ ತಲೆಬಾಗಿತು. "ನಿಮ್ಮ ಪೂರ್ವಿಕರ ನಿಯಮ ಮೊದಲೇ ಕೇಳದೆ ನಿಮ್ಮನ್ನು ಅಲ್ಲಿ ನಿಲ್ಲಿಸಿದ್ದು ನಮ್ಮದೇ ತಪ್ಪು," ಎಂದು ನಗಾರಿಯ ಹೆಂಗಸು ಕೈಮುಗಿದು ಕ್ಷಮೆ ಕೇಳಿದಳು. ಯಾರೋ ಓಡಿಹೋಗಿ ಬಕೆಟ್ಟಿನಲ್ಲಿ ಬಿಸಿನೀರು, ಹೊಸ ಟವೆಲ್ ತಂದು, ಸ್ನಾನಕ್ಕೆ ಬೇಕಾದರೆ ಆ ಕೋಣೆ ಇದೆ ಎಂದರು. ನಾನು ಕೈ ತೊಳೆದುಕೊಂಡು ಊಟಕ್ಕೆ ಕೂತೆ. ಮೇಜಿನ ಕೊನೆಯಲ್ಲಿದ್ದ ಡೆನೀಸ್ ಎಲ್ಲವನ್ನೂ ಕೇಳಿಸಿಕೊಂಡಳು.

ದ ಡೊಮೇನ್

ಹೊಸ ಹಿರಿಯಳು ಇನ್ನೂ ಎರಡು ದಿನ ಅಲ್ಲೇ ಇರಬೇಕಿತ್ತು. ಶ್ರುತಿ ಆಫೀಸಿನ ಕೆಲಸಕ್ಕೆಂದು ಆಸ್ಟಿನ್‌ಗೆ ಬಂದಿದ್ದಳು. ಮರುದಿನ ಬೆಳಿಗ್ಗೆ ಡೆನೀಸ್ ಹಿರಿಯರನ್ನು ಕೇಳಿಕೊಂಡು ನನ್ನನ್ನು ಊರಿನ ಉತ್ತರಕ್ಕಿರುವ ದ ಡೊಮೇನ್ ಎಂಬ ಮಾಲಿಗೆ ತಂದು ಬಿಟ್ಟಳು. ಶ್ರುತಿ ಬರುವ ತನಕ ಅಂಗಡಿಸಾಲಿನ ಮುಂದೆ ಕಾರಿನಲ್ಲೇ ಕೂತಿದ್ದೆವು. ಹೊರಗೆ ಜನ ನಾಯಿಗೆ ಬೂಟು ಹಾಕಿಸಿಕೊಂಡು ಓಡಾಡುತ್ತಿದ್ದರು. ಬೇರೆ ದಿನವಾಗಿದ್ದರೆ ಅದಕ್ಕೇ ಅರ್ಧ ಗಂಟೆ ನಗುತ್ತಿದ್ದೆವು.

"ಒಂದು ಕೇಳಲಾ ಮಿಸ್ ಸುಮಿತ್ರಾ? ನನ್ನ ಜಾಗದಲ್ಲಿ ಬೇರೆ ಯಾರು ಬಂದಿದ್ದರೂ ಹಿಂದೆ ಸರಿಯುತ್ತಿದ್ದಿರಾ?"

"ಯಾರೇ ಬಂದಿದ್ದರೂ," ಎಂದೆ. "ಅದು ನಮ್ಮ ಸಂಪ್ರದಾಯ."

"ಸರಿ. ಬೇರೆ ಏನಾದರೂ ಹೇಳಬೇಕು ಅನಿಸಿದರೆ ಫೋನ್ ಮಾಡಿ. ಈಗ ಅದೇ ನನ್ನ ಕೆಲಸ," ಎಂದಳು. ಇಳಿದು ಬಂದು ನನ್ನ ಕಡೆಯ ಬಾಗಿಲು ತೆಗೆದು, ಮತ್ತೆ ಹಾಕುವ ಮುನ್ನ ಸೆರಗು ಸಿಕ್ಕಿಕೊಳ್ಳುತ್ತದೆಯೇ ಎಂದು ಬಗ್ಗಿ ನೋಡಿದಳು. ಮುಟ್ಟಲಿಲ್ಲ.

ಮತ್ತೆ ಪ್ಲೇನೋ

ಮನೆಗೆ ಬಂದು ಎಲ್ಲ ಹೇಳಿದೆ, ಅಥವಾ ಎಲ್ಲ ಹೇಳಿದೆ ಎಂದುಕೊಂಡೆ. ಶ್ರುತಿಗೆ ಪಿಚ್ಚೆನಿಸಿತು. ಆದರೂ ನನ್ನನ್ನು ಬಿಟ್ಟುಕೊಡಲಿಲ್ಲ. "ಹೋಗ್ಲಿ ಬಿಡಿ ದೊಡ್ಡಮ್ಮ. ಕಲ್ಚರ್ ಬೇರೆ ಅಲ್ವಾ, ಅವಳು ಅರ್ಥ ಮಾಡ್ಕೋತಾಳೆ. ಮಡಿ ಮೈಲಿಗೆ ಎಲ್ಲ ನಿಮಗೆ ಚಿಕ್ಕಂದಿನಿಂದ ಬಂದಿದ್ದು."

ಅವಳ ಮಗಳು ಅದಿತಿಗೆ ಒಂಬತ್ತು ವರ್ಷ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ತಟ್ಟೆಯಲ್ಲಿದ್ದ ದೋಸೆ ಹರಿಯುತ್ತ, "ಸೋ ಅಜ್ಜಿ, ಡಿಡ್ ಯೂ ಟೇಕ್ ಅ ಬಾತ್ ದೆನ್?" ಎಂದಳು.

ಸ್ನಾನ ಮಾಡಿರಲಿಲ್ಲ. ಬಿಸಿನೀರು ಕಾಲ ಬಳಿಗೇ ಬಂದಿದ್ದರೂ ಮಾಡಿರಲಿಲ್ಲ. ಅತ್ತವರ ಮಧ್ಯೆ ಮಧ್ಯಾಹ್ನವೆಲ್ಲ ನಿಂತು, ಅದೇ ಸೀರೆಯಲ್ಲಿ ಕೂತು ಎರಡು ಸಲ ಬಡಿಸಿಕೊಂಡು ತಿಂದಿದ್ದೆ. ಸೂತಕ ನೆನಪಾಗಿದ್ದು ನನ್ನ ನಾಲಿಗೆಗೆ ಮಾತ್ರ, ಅದೂ ಊಟದ ಮೇಜಿನಲ್ಲಿ.

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಮೂರು ದಿನ ಫೋನ್ ಕೈಗೆ ತೆಗೆದುಕೊಳ್ಳುವುದು, ಇಡುವುದು. ಸಾವಿರಾರು ಹುಡುಗಿಯರಿಗೆ ಅಸ್ಪೃಶ್ಯತೆಯ ಪಾಠ ಹೇಳಿದವಳಿಗೆ ಒಂದು ಫೋನ್ ಮಾಡಲು ಮೂರು ದಿನ ಬೇಕಾಯಿತು. ನಾಲ್ಕನೇ ದಿನ ಬೆಳಿಗ್ಗೆ ಮಾಡಿದೆ.

ಇಷ್ಟು ಹೊತ್ತು ನಿಮ್ಮಿಂದಲೂ ಮುಚ್ಚಿಟ್ಟದ್ದನ್ನು ಅವಳಿಗೆ ಹೇಳಿದೆ. ಡೆನೀಸ್‌ಗಿಂತ ಸ್ವಲ್ಪ ಮುಂಚೆ ಒಬ್ಬ ಬಿಳಿಯ ಮುದುಕ ಗೆರೆಯ ಹತ್ತಿರ ಬಂದಿದ್ದ. ಹೆಂಡತಿಯನ್ನು ಕಳೆದುಕೊಂಡವನು. ಅವನ ಮೈಯೂ ಮಣ್ಣು ಬೂದಿ, ಮೂಗು ಸುರಿಯುತ್ತಿತ್ತು, ಪರಿಚಯವೂ ಇಲ್ಲ, ಮೇಲಾಗಿ ಗಂಡಸು. ಅವನನ್ನು ನಾನು ಎರಡೂ ತೋಳಿನಿಂದ ತಬ್ಬಿಕೊಂಡಿದ್ದೆ. ಬೆನ್ನು ಸವರಿ "ಮನೆಗೆ ಬಾ" ಎಂದಿದ್ದೆ. ಅವನ ಕೆನ್ನೆಯ ಬೂದಿ ನನ್ನ ರವಿಕೆಗೆ ಮೆತ್ತಿತ್ತು. ಆಗ ನನ್ನ ಕಾಲು ಹಿಂದೆ ಹೋಗಲಿಲ್ಲ, ಸೆರಗಿನ ನೆನಪಾಗಲಿಲ್ಲ. ಚಪ್ಪರದಲ್ಲಿ ನಾನು ಸೂತಕದ ಪಾಠ ಹೇಳುವಾಗ ಅವನು ನನ್ನೆದುರೇ ಕೂತು, ಒಂದು ಮಾತೂ ಆಡದೆ ಅನ್ನ ಉಣ್ಣುತ್ತಿದ್ದ.

"ಬೇರೆ ಯಾರೇ ಬಂದಿದ್ದರೂ ಅಂತ ಅಂದೆನಲ್ಲ, ಅದು ಸುಳ್ಳು," ಎಂದೆ. "ನಾನು ಸರಿದದ್ದು ಸಾವಿನಿಂದ ಅಲ್ಲ ಡೆನೀಸ್, ನಿನ್ನಿಂದ."

"ಗೊತ್ತು," ಎಂದಳು. "ಆ ಮುದುಕ ಅಳುವಾಗ ಅವನ ಹಿಂದೆ ನಿಂತಿದ್ದವಳು ನಾನೇ. ನೀವು ಅವನನ್ನು ತಬ್ಬಿಕೊಂಡಿದ್ದನ್ನು ಅಲ್ಲಿಂದಲೇ ನೋಡಿದೆ. ಅದನ್ನ ನೋಡಿದ್ದಕ್ಕೇ, ಮಿಸ್ ಸುಮಿತ್ರಾ, ನಾನು ಓಡಿ ಬಂದಿದ್ದು."